ನುಂಗಿದ ಹಕಾರ

ಮಳೆ-ಬಿಸಿಲಿನ ವರದಿ ಸಿದ್ಧಪಡಿಸುವ ಆ ಕಚೇರಿಯ ಮೂಲೆಯ ಕೋಣೆಯಲ್ಲಿ ಅವನೊಬ್ಬನೇ. ಬೆಳಿಗ್ಗೆ ಪ್ರೋಗ್ರಾಂ ಓಡಿಸಿದರೆ 'ಹವಾಮಾನ' ಎಂಬ ಮಾಡ್ಯೂಲ್ ಫೈಲ್ ಸಿಗಲಿಲ್ಲವೆಂದು ಕಂಪ್ಯೂಟರ್ ನಿಂತುಬಿಡುತ್ತಿತ್ತು. ಅವನು ಫೋನ್ ಮಾಡಿದರೆ ಮೇಲಿನ ಮಹಡಿಯಿಂದ ವಾರಿಜಾ ಇಳಿದು ಬರುತ್ತಿದ್ದಳು.

"ಏನ್ರೀ, ಮತ್ತೆ ಹಕಾರ ನುಂಗಿದ್ದೀರಾ? ಸರ್ವರ್‌ನಲ್ಲಿ ಫೈಲಿನ ಹೆಸರು 'ಅವಾಮಾನ' ಅಂತಿದೆ ನೋಡಿ."

"ನಮ್ಮೂರ ಕಡೆ ನಾಲಿಗೇನೇ ಹಾಗೆ ಕಣ್ರೀ."

ಅವಳು ನಕ್ಕು, ಹೆಸರು ತಿದ್ದಿ ಹೋಗುತ್ತಿದ್ದಳು. ಆಮೇಲೆ ಅವನನ್ನು ಮಾತಾಡಿಸುವವರು ಕಚೇರಿಯಲ್ಲೂ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ. ಸಂಜೆ ಹೊರಡುವ ಮುಂಚೆ ಆ ಹಕಾರವನ್ನು ಅವನೇ ಅಳಿಸಿಟ್ಟು ಹೋಗುತ್ತಿದ್ದ.

ಒಂದು ದಿನ ಹೆಸರು ತಿದ್ದಿ ಮುಗಿಸಿ ಅವಳೆಂದಳು: "ಫೈಲ್ ಸಿಗದಿದ್ರೂ ಪ್ರೋಗ್ರಾಂ ನಿಲ್ಲದ ಹಾಗೆ ನಾಲ್ಕು ಸಾಲು ಬರೆದುಕೊಡ್ತೀನಿ. ಆಮೇಲೆ ನನ್ನ ಕರೆಯೋದೇ ಬೇಡ."

"ಬೇಡ," ಎಂದುಬಿಟ್ಟ, ತುಸು ಜೋರಾಗಿಯೇ.

ಅವಳು ಅವನ ಮುಖವನ್ನೇ ನೋಡಿದಳು. "ಸರಿ ಬಿಡಿ," ಎಂದು ಮೆಟ್ಟಿಲು ಹತ್ತಿದಳು.

ನಾಚಿಕೆಯಾಯಿತು ಅವನಿಗೆ. ಅಂದು ಸಂಜೆ ಫೈಲಿನ ಹೆಸರನ್ನು ಮುಟ್ಟದೆ ಮನೆಗೆ ಹೋದ.

ಮರುದಿನ ಬೆಳಿಗ್ಗೆಯೂ ಕಂಪ್ಯೂಟರ್ ಮಾಡ್ಯೂಲ್ ಸಿಗಲಿಲ್ಲವೆಂದಿತು. ಅವನು ಫೋನಿಗೆ ಕೈಹಾಕುವ ಮೊದಲೇ ವಾರಿಜಾ ಬಾಗಿಲಲ್ಲಿ ನಿಂತಿದ್ದಳು.

"ಹಕಾರ ಹೋಯ್ತೇನ್ರೀ?"