ಮೈ ಪರಚಿಕೊಳ್ಳುವಷ್ಟು ಸಿಟ್ಟು

"ಬೆನ್ನು ತೋರಿಸು."

"ನಲವತ್ತು ವರ್ಷದಿಂದ ನೋಡಿದ್ದು ಸಾಲದಾ?" ಸೌನಾದ ಮೇಲಿನ ಹಲಗೆಯಿಂದಲೇ ತೌನೊ ಗೊಣಗಿದ.

ಆ ಹಬೆಸ್ನಾನದ ಕೋಣೆಯ ಸುಡುವ ಹಬೆಯ ನಡುವೆಯೇ ಹಿಲ್ಕಾ ಗಂಡನ ಬೆನ್ನನ್ನು ತಡಕಿದಳು. ಎರಡು ಕೆಂಪು ಗೀರು ಸಿಕ್ಕವು.

"ಇದೇನು?"

"ಸೊಳ್ಳೆ."

ನಮ್ಮ ಸರೋವರದ ಸೊಳ್ಳೆ ಮನಸ್ಸು ಮಾಡಿದರೆ ಹಿಮಸಾರಂಗವನ್ನೇ ಹೊತ್ತೊಯ್ಯುತ್ತದೆ, ಅದು ನಿಜ. ಆದರೂ ಹಿಲ್ಕಾ ನಂಬಲಿಲ್ಲ.

ಗಂಡನ ಬಗ್ಗೆ ಅವಳಲ್ಲಿ ಭಯ ಹುಟ್ಟಿಸಿದ್ದು ರೇಡಿಯೊ. ಅಪರೂಪದ ರಕ್ತದ ಕ್ಯಾನ್ಸರ್ ಒಂದಿದೆಯಂತೆ. ಹೆಚ್ಚಾಗಿ ಅರವತ್ತು ದಾಟಿದವರಿಗೇ ಬರುತ್ತದಂತೆ. ರಕ್ತ ಗಂಜಿಯಂತೆ ಮಂದವಾಗುತ್ತದೆ, ಮುಖ ಕೆಂಪೇರುತ್ತದೆ, ಬಿಸಿನೀರು ಸೋಕಿದರೆ ನವೆ. ಬೇಗ ಪತ್ತೆಯಾದರೆ ಹಿಡಿತದಲ್ಲಿಡಬಹುದು. ತಡವಾದರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೋ ಹೃದಯಕ್ಕೋ ಹೊಡೆಯುತ್ತದೆ.

ತೌನೊಗೆ ಅರವತ್ತೆಂಟು. ಅವನ ಮೂಗನ್ನು ದೀಪಸ್ತಂಭವೆಂದು ತಿಳಿದು, ಮಂಜು ಕವಿದ ದಿನಗಳಲ್ಲಿ ಮೀನುದೋಣಿಗಳು ದಡ ಸೇರುತ್ತಿದ್ದವು. ಸುಳ್ಳೆಂದರೆ ಊರಲ್ಲಿ ಯಾರನ್ನಾದರೂ ಕೇಳಿ.

"ಒಂದು ಹನಿ ರಕ್ತ ಕೊಡೋಕೆ ನಿಂಗೇನು ಕಷ್ಟ?"

"ಬಾಗ್ಲು ಹಾಕೇ, ಹಬೆ ಹೋಗ್ತಿದೆ."

ಬೇಸಿಗೆ ಪೂರ್ತಿ ಇದೇ ಹಾಡು. ಇಷ್ಟು ಸಲ ಗೋಡೆಗೆ ಹೇಳಿದ್ದರೆ ಗೋಡೆಯೇ ಎದ್ದು ಆಸ್ಪತ್ರೆಗೆ ನಡೆಯುತ್ತಿತ್ತು. ಪ್ರತಿ ಶನಿವಾರ ಸೌನಾ ಮುಗಿಯುವಷ್ಟರಲ್ಲಿ ಹಿಲ್ಕಾಳ ತಲೆ ಸಿಡಿಯುತ್ತಿತ್ತು. ಮುಖ ಬೀಟ್‌ರೂಟಾಗುತ್ತಿತ್ತು. ಟವೆಲ್ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತು ಮೈ ಪರಚಿಕೊಳ್ಳುತ್ತಿದ್ದಳು. ಅಂಗಾಲಿನ ಉರಿ ನೆತ್ತಿಗೇರುತ್ತಿತ್ತು. ಆ ಕಾಲನ್ನು ಸರೋವರಕ್ಕೆ ಇಳಿಬಿಟ್ಟರೆ ಮೀನುಗಳು ಬೆಂದೇ ಮೇಲೆ ಬರುತ್ತಿದ್ದವು. ಅಂಥ ಸಿಟ್ಟು. ಅಂಥ ಗಂಡ.

ಕೊನೆಗೆ ಹಿಲ್ಕಾ ಸೌನಾಕ್ಕೆ ಬೀಗ ಜಡಿದಳು. ನಮ್ಮ ಫಿನ್‌ಲೆಂಡಿನಲ್ಲಿ ಸೌನಾವಿಲ್ಲದ ಶನಿವಾರವೆಂದರೆ ಮರಣದಂಡನೆಗಿಂತ ಒಂದು ತೂಕ ಹೆಚ್ಚು. ತೌನೊ ಸಂಜೆಯೊಳಗೆ ಮಣಿದ. ಅದೂ ಒಂದು ಷರತ್ತಿನ ಮೇಲೆ.

"ನೀನೂ ಕೈ ಚಾಚ್ಬೇಕು, ಮುದುಕಿ. ನಿನ್ನ ರಕ್ತ ಎಷ್ಟು ಕುದಿಯುತ್ತೆ ಅಂತ ಡಾಕ್ಟ್ರೂ ನೋಡ್ಲಿ."

"ಬೇಕಾದ್ರೆ ಬಕೆಟ್ ತುಂಬಾ ಕೊಡ್ತೀನಿ. ನೀನು ಹೊರಡು ಮೊದ್ಲು."

ಸೌನಾದ ಬೀಗ ತೆಗೆಯದ ಆ ಶನಿವಾರ ಹಿಲ್ಕಾ ಒಮ್ಮೆಯೂ ಮೈ ಪರಚಿಕೊಳ್ಳಲಿಲ್ಲ. ಗೆಲುವಿಗಿಂತ ದೊಡ್ಡ ಮದ್ದುಂಟೆ?

ರಕ್ತ ಕೊಟ್ಟು ಬಂದ ವಾರದಲ್ಲೇ ಆರೋಗ್ಯ ಕೇಂದ್ರದಿಂದ ಕರೆ ಬಂತು. ಇಬ್ಬರೂ ಬರಬೇಕು. ದಾರಿಯುದ್ದಕ್ಕೂ ಹಿಲ್ಕಾ ಗಂಡನ ತೋಳು ಬಿಡಲಿಲ್ಲ.

ಡಾಕ್ಟರ್ ಸೋಯ್ಲಿ ಕಂಪ್ಯೂಟರಿನತ್ತ ನೋಡಿದರು. ಮತ್ತೊಮ್ಮೆ ನೋಡಿದರು.

"ತೌನೊ, ನಿಮ್ಮ ರಕ್ತ ಚೆನ್ನಾಗಿದೆ. ಬಿಯರ್ ಸ್ವಲ್ಪ ಕಮ್ಮಿ ಮಾಡಿ, ಮೂಗು ತಾನಾಗೇ ತಣ್ಣಗಾಗುತ್ತೆ."

"ಕೇಳಿಸ್ಕೊಂಡ್ಯಾ?" ತೌನೊ ಎದ್ದು ಟೋಪಿ ಏರಿಸಿದ. "ಬೇಸಿಗೆಯೆಲ್ಲ ಸುಮ್‌ಸುಮ್ನೆ ತಲೆ ತಿಂದ್ಲು ಡಾಕ್ಟ್ರೇ."

ಡಾಕ್ಟರ್ ನಗಲಿಲ್ಲ. ಕುರ್ಚಿಯನ್ನು ಇನ್ನೊಂದು ಕಡೆಗೆ ತಿರುಗಿಸಿದರು.

"ಹಿಲ್ಕಾ, ಸೌನಾದಿಂದ ಬಂದ್ಮೇಲೆ ನೀವು ಮೈ ಪರಚ್ಕೋತೀರಾ?"