ಗೊಂಬೆಯ ತೂಕ

ಗೊಂಬೆಯ ತೂಕ ಮತ್ತೆ ಇಳಿದಿತ್ತು.

ಅದು ಮೊದಲು ಗೊತ್ತಾದದ್ದು ದರ್ಜಿಯಮ್ಮನ ತೋಳಿಗೆ. ಗೋಣಿಬಟ್ಟೆಯ ಆ ಆಳೆತ್ತರದ ಗೊಂಬೆಯನ್ನು ಹೊಲಿದವಳೇ ಅವಳು. ಮರಳು ತುಂಬಿದವರು ತರಬೇತಿ ಕೊಡುವ ಮೇಷ್ಟ್ರು. ಅಗ್ನಿಶಾಮಕ ದಳದಿಂದ ನಿವೃತ್ತರಾಗಿ ಮೂರು ತಿಂಗಳ ಹಿಂದೆ ಈ ಓಣಿಗೆ ಬಂದವರು. ಬಂದ ವಾರವೇ, ಆಪತ್ತಿಗೆ ಒದಗುವ ಸ್ವಯಂಸೇವಕರು ಬೇಕೆಂದು ಮನೆಮನೆ ಹತ್ತಿಳಿದರು. ಮೂವತ್ತು ಜನ ಮುಂದೆ ಬಂದರೆ ಆರಿಸಿಕೊಂಡದ್ದು ನಾಲ್ವರನ್ನು, ಅದೂ ತಮ್ಮ ಅಕ್ಕಪಕ್ಕದವರನ್ನೇ. ಕೇಳಿದ ಪ್ರಶ್ನೆ ಒಂದೇ: "ಮಧ್ಯಾಹ್ನ ಮನೇಲಿರ್ತೀರಾ?"

ಪಾಠವೂ ಒಂದೇ. ಪ್ರತಿ ಭಾನುವಾರ ಶಾಲೆಯ ಮಹಡಿಗೆ ಹದಿನಾಲ್ಕು ಮೆಟ್ಟಿಲು ಹತ್ತಬೇಕು, ಎಡಕ್ಕೆ ತಿರುಗಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ‘ಹಿಂದಿನ ಕೋಣೆ’ಗೆ ನುಗ್ಗಬೇಕು, ಗೊಂಬೆಯನ್ನು ಹೊತ್ತು ಇಳಿಯಬೇಕು. ಪ್ರವಾಹ, ಭೂಕಂಪಗಳ ಸುದ್ದಿಯೇ ಇಲ್ಲ.

"ಕೂಗಿ ಕರೀತಾರೆ ಅಂತ ಕಾಯಬೇಡಿ. ಬಾಗಿಲಲ್ಲಿ ಯಾರಾದ್ರೂ ಬಿದ್ದಿದ್ರೆ ದಾಟ್ಕೊಂಡು ಹೋಗಿ, ಮೊದಲು ಒಳಗಿರೋರು. ಮುಖಕ್ಕೆ ಬಟ್ಟೆ ಹೊದಿಸಿ," ಎನ್ನುತ್ತಿದ್ದರು ಮೇಷ್ಟ್ರು.

"ಮುಖಕ್ಕ್ಯಾಕೆ ಸಾರ್?"

"ಯಾರೂ ನೋಡಬಾರದಲ್ಲಮ್ಮಾ."

"ಮರಳು ತೆಗೆದ್ರಾ?" ಗೊಂಬೆ ಇಳಿಸುತ್ತ ದರ್ಜಿಯಮ್ಮ ಕೇಳಿದಳು.

"ಎರಡು ಬೊಗಸೆ." ಮೇಷ್ಟ್ರು ಮುಖ ತಿರುಗಿಸಿದರು. "ಇನ್ನೂ ತೆಗೀಬೇಕಾಗುತ್ತೇನೋ."

ಅವಳು ಒಂದೊಂದೇ ಕೂಡಿಸಿ ನೋಡಿದಳು. ಕೂಗದ ಬಾಯಿ, ಮುಚ್ಚಿದ ಮುಖ! ಯಾರನ್ನು ಹೊರಿಸಲು ತಮ್ಮನ್ನು ಪಳಗಿಸುತ್ತಿದ್ದಾನೆ ಈ ಮನುಷ್ಯ? ಮೇಷ್ಟ್ರ ಮಹಡಿ ಮನೆಯ ಹಿಂದಿನ ಕಿಟಕಿ ಒಂದು ದಿನವೂ ತೆರೆದದ್ದಿಲ್ಲ. ಜೊತೆಗೆ ಕಲಿಯುತ್ತಿದ್ದ ಔಷಧಿ ಅಂಗಡಿಯವನು ಇನ್ನೊಂದು ಒಗ್ಗರಣೆ ಹಾಕಿದ: "ಒಂಟಿ ಮನುಷ್ಯ ಅಂತಾರೆ, ನಿದ್ದೆ ಮಾತ್ರೆ ಮಾತ್ರ ತಪ್ಪದೆ ಒಯ್ತಾರೆ. ಬೆಂಕಿ ಇಲ್ದೆ ಹೊಗೆ ಏಳುತ್ತಾ ಅಕ್ಕಾ?"

ಅವಳೇ ಮುಂದಾಗಿ ಉಳಿದ ಮೂವರ ತಲೆಗೂ ಈ ಸಂಶಯ ತುಂಬಿದಳು. ಮುಂದಿನ ಭಾನುವಾರ ನಾಲ್ವರೂ ಸ್ವಯಂಸೇವಕರ ಅಂಗಿ, ಟೋಪಿ ಹಿಂದಿರುಗಿಸಿದರು. ಮೇಷ್ಟ್ರು ಜಗಳವಾಡಲಿಲ್ಲ, ಕೈಮುಗಿದರು.

"ತರಗತಿ ಬೇಡ ಬಿಡಿ. ಮೂರು ಸೀಟಿ ಕೇಳಿದ್ರೆ ಮಾತ್ರ ಬನ್ನಿ. ಅಷ್ಟು ಸಾಕು."

ಮಂಗಳವಾರ ಮಧ್ಯಾಹ್ನ ಸೀಟಿ ಕೇಳಿತು. ಮೂರು.

ದರ್ಜಿಯಮ್ಮನ ಕಾಲು ಹೊಲಿಗೆ ಯಂತ್ರದ ಮೇಲೆಯೇ ನಿಂತಿತು. ಹೋದರೆ ಪಾಪದಲ್ಲಿ ಪಾಲು, ಹೋಗದಿದ್ದರೆ? ಮತ್ತೆ ಮೂರು ಸೀಟಿ. ಎದುರು ಮನೆಯವರು ಕದ ಹಾಕಿಕೊಂಡರು. ಆಮೇಲೆ ಎರಡೇ ಕೇಳಿಸಿತು. ಆಮೇಲೆ ಅದೂ ಇಲ್ಲ. ಕಿಟಕಿಯಿಂದ ಸುಟ್ಟ ತಂತಿಯ ವಾಸನೆ ಬಂತು.

ಅವಳು ಮೇಷ್ಟ್ರ ಮನೆಗೆ ಓಡಿದಳು. ಹದಿನಾಲ್ಕು ಮೆಟ್ಟಿಲು, ಎಡಕ್ಕೆ ತಿರುವು. ಎಂದೂ ಕಾಲಿಡದ ಮನೆ, ಆದರೂ ಕಾಲಿಗೆ ದಾರಿ ಗೊತ್ತಿತ್ತು. ಹೊಗೆಯಲ್ಲಿ, ಹಿಂದಿನ ಕೋಣೆಯ ಹೊಸ್ತಿಲಿಗೆ ಅಡ್ಡವಾಗಿ ಮೇಷ್ಟ್ರು ಬಿದ್ದಿದ್ದರು, ತುಟಿಯಲ್ಲಿ ಸೀಟಿ. ಅವರ ಬೆರಳು ಒಳಗೆ ತೋರಿಸಿತು. ನಾಲ್ವರು ಬರಬೇಕಾದಲ್ಲಿ ಅವಳೊಬ್ಬಳೇ. ಅಳುತ್ತಲೇ, ಕಲಿಸಿದ್ದಂತೆ ಅವರನ್ನು ದಾಟಿದಳು, ಮಂಚದಲ್ಲಿ ಮಾತ್ರೆಯ ಮಂಪರಿನಲ್ಲಿದ್ದ ಹೆಂಗಸಿನ, ಎಂದೋ ಸುಟ್ಟು ಮುದುಡಿದ ಮುಖಕ್ಕೆ ಬಟ್ಟೆ ಹೊದಿಸಿದಳು, ಎತ್ತಿಕೊಂಡಳು.

ಕಳೆದ ಬಾರಿಯ ಗೊಂಬೆಯಷ್ಟೇ ತೂಕ. ಮುಖದ ಬಟ್ಟೆ ಮಾತ್ರ ಉಸಿರಿಗೆ ಮೆಲ್ಲಗೆ ಏರಿಳಿಯುತ್ತಿತ್ತು.