ಬಟ್ಟೆ ಹೊದ್ದ ಮೆಷಿನ್ನು

"ಸಾರ್, ನಿಮ್ಮ ವಾಷಿಂಗ್ ಮೆಷಿನ್ ವಾರಂಟಿ ಈ ವಾರ ಮುಗಿಯುತ್ತೆ. ಇನ್ನೆರಡು ವರ್ಷಕ್ಕೆ ಮಾಡ್ಸಲಾ?" ಮದ್ದೂರಿನ ಅಂಗಡಿಯವನು ಫೋನಿನಲ್ಲಿ ಕೇಳಿದ. ಪುಟ್ಟಮಾದಯ್ಯ ಫೋನು ಹಿಡಿದೇ ಹಿತ್ತಿಲಿಗೆ ಬಂದ. ಹೆಂಡತಿ ಚಿಕ್ಕನಂಜಮ್ಮ ಒಗೆಯುವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು.

"ಲೇ ನಂಜಿ, ಮೆಸಿನ್ನು ಎಂಗದೆ? ಏನಾರ ಕೆಟ್ಟದಾ?"

"ಎಂಗ್ ಕೆಟ್ಟದು? ದಿನಾ ಆಕುದ್ರೆ ಸವೆದೋಯ್ತದೆ, ಮಗಳು ಬಂದಾಗ ಮಾತ್ರ ಆಕು ಅಂತ ನೀವೇ ಯೋಳಿದ್ರಲ್ಲ. ಮ್ಯಾಲೆ ಒದಿಸಿದ ಬಟ್ಟೆ ಒದ್ಕಂಡೇ ಅದೆ." ಮಾತಿನಲ್ಲಿ ಸಿಟ್ಟಿರಲಿಲ್ಲ.

ಅವಳು ನೆನೆದ ಕಂಬಳಿಯ ತುದಿಯನ್ನು ಅವನತ್ತ ಚಾಚಿದಳು. "ಇದ್ನ ನೀವೇ ಇಂಡ್ಬುಡಿ. ಈಚೀಚೆಗೆ ಬೆರಳು ಮಡಚಕ್ಕೆ ಆಯ್ತಿಲ್ಲ."

ಊದಿಕೊಂಡ ಆ ಗೆಣ್ಣುಗಳನ್ನು ಅವನು ಇವತ್ತೇ ನೋಡಿದ್ದು.

"ಏನ್ಮಾಡ್ಲಿ ಸಾರ್? ಮಾಡ್ಸಲಾ?" ಫೋನು ಕೇಳುತ್ತಲೇ ಇತ್ತು. ಪುಟ್ಟಮಾದಯ್ಯ ಅದನ್ನು ಜೇಬಿಗಿಳಿಸಿ, ಎರಡೂ ಕೈಯಲ್ಲಿ ಕಂಬಳಿಯ ತುದಿ ಹಿಡಿದ.